ವೈರಸ್ಸಿಗೆ ಮದ್ದು ‘ಅಭ್ಯಾಸ’ ಆಗುವುದುಂಟೇ?

‘ಈ ಮದ್ದು ಈಗ ಹಿಡಿಯುವುದಿಲ್ಲ ಮಾರಾಯ್ರೆ, ಹುಳಕ್ಕೆ ಅಭ್ಯಾಸ ಆಗಿಬಿಟ್ಟಿದೆ.’

ಮದ್ದಿನ ಅಂಗಡಿಯ ಜಗಲಿಯಲ್ಲಿ ಈ ಮಾತು ಕೇಳದ ಕೃಷಿಕ ಇರಲಿಕ್ಕಿಲ್ಲ. ಹೇಳದವನೂ ಇರಲಿಕ್ಕಿಲ್ಲ. ಹೆಂಡ ಕುಡಿಯುವವನಿಗೆ ಮೊದಲ ದಿನ ಅರ್ಧ ಗ್ಲಾಸಿಗೇ ತಲೆ ತಿರುಗುತ್ತದೆ, ವರ್ಷ ಕಳೆದ ಮೇಲೆ ಬಾಟಲಿ ಮುಗಿಸಿದರೂ ನೆಟ್ಟಗೆ ನಡೆದು ಮನೆ ಸೇರುತ್ತಾನೆ. ಹುಳವೂ ಹಾಗೆಯೇ ಸ್ವಲ್ಪ ಸ್ವಲ್ಪ ವಿಷ ತಿಂದು ಗಟ್ಟಿಯಾಗುತ್ತದೆ ಎಂದು ನಮ್ಮ ಎಣಿಕೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ.

ಆದರೆ ಇದು ತಪ್ಪು. ಹುಳಕ್ಕಾಗಲಿ, ಬೂಸ್ಟಿಗಾಗಲಿ, ವೈರಸ್ಸಿಗಾಗಲಿ ಮದ್ದು ಅಭ್ಯಾಸ ಆಗುವುದಿಲ್ಲ. ಮದ್ದು ತಾಗಿದ ಹುಳ ಒಂದೋ ಸಾಯುತ್ತದೆ, ಇಲ್ಲ ಬದುಕುತ್ತದೆ. ನಾವು ‘ಅಭ್ಯಾಸ’ ಎಂದು ಕರೆಯುವುದು ಅದಾದ ಮೇಲೆ, ಬದುಕಿದ್ದರ ಮರಿಗಳಲ್ಲಿ ಕಾಣುವ ಸಂಗತಿ. ಮಾತು ತಪ್ಪಾದರೆ ಏನಂತೆ ಎನ್ನಬೇಡಿ. ಮಾತು ತಪ್ಪಾದ್ದರಿಂದಲೇ ನಾವು ಮಾಡುವ ಉಪಾಯವೂ ತಪ್ಪುತ್ತಿದೆ. ಅಭ್ಯಾಸ ಎಂದುಕೊಂಡವನು ಡೋಸು ಹೆಚ್ಚಿಸುತ್ತಾನೆ, ಅಥವಾ ನಾಲ್ಕು ದಿನ ಬಿಟ್ಟರೆ ಅಭ್ಯಾಸ ಬಿಟ್ಟುಹೋಗುತ್ತದೆ ಎಂದು ಕಾಯುತ್ತಾನೆ. ಎರಡೂ ಹೇಗೆ ಎಡವಟ್ಟಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಗದ್ದೆಯಲ್ಲಿ ಅಡಗಿದ ಕಳ್ಳ

ಭತ್ತದ ಗದ್ದೆಯಲ್ಲಿ ಕಳೆ ಕಿತ್ತವರಿಗೆ ಒಂದು ಹುಲ್ಲು ಗೊತ್ತುಂಟು. ಬಣ್ಣ, ಎಲೆ, ನಿಲುವು ಎಲ್ಲ ಭತ್ತದಂತೆಯೇ. ತೆನೆ ಬಂದ ಮೇಲಷ್ಟೇ ‘ಅಯ್ಯೋ, ನೀನಾ!’ ಅನ್ನಿಸುವಂಥದ್ದು. ಒಂದೊಂದು ಊರಲ್ಲಿ ಒಂದೊಂದು ಹೆಸರು. ಇದರ ದಾಯಾದಿ ಹುಲ್ಲುಗಳು ಗದ್ದೆಯ ಹೊರಗೂ ಬೆಳೆಯುತ್ತವೆ. ಅವು ಹೀಗಿಲ್ಲ, ಅಡ್ಡಾದಿಡ್ಡಿ ಹರಡಿಕೊಂಡು, ಬುಡ ಕೆಂಪಾಗಿ, ದೂರದಿಂದಲೇ ಗುರುತು ಸಿಗುವಂತೆ ಇರುತ್ತವೆ.

ಗದ್ದೆಯ ಹುಲ್ಲು ಭತ್ತದ ವೇಷ ಹಾಕಲು ಯಾರು ಕಲಿಸಿದರು? ಹುಲ್ಲಿಗೆ ತಲೆಯಿಲ್ಲ, ಯೋಚನೆಯಿಲ್ಲ. ಕಲಿಸಿದವರು ಕಳೆ ಕೀಳುವ ಹೆಂಗಸರು! ಹಿಂದೆ ಯಾವಾಗಲೋ ಗದ್ದೆಯಲ್ಲಿದ್ದ ಹುಲ್ಲಿನಲ್ಲಿ ಕೆಲವು ಹೆಚ್ಚು ಹರಡಿದ್ದವು, ಕೆಲವು ಸ್ವಲ್ಪ ನೆಟ್ಟಗಿದ್ದವು. ಕಣ್ಣಿಗೆ ಬಿದ್ದದ್ದನ್ನು ಕಿತ್ತರು. ನೆಟ್ಟಗಿದ್ದ ನಾಲ್ಕು ಕಣ್ಣು ತಪ್ಪಿಸಿ ಉಳಿದು ಬೀಜ ಉದುರಿಸಿದವು. ಮುಂದಿನ ವರ್ಷ ಹುಟ್ಟಿದ್ದು ಅವುಗಳ ಸಂತಾನ. ಅದರಲ್ಲೂ ಭತ್ತಕ್ಕೆ ಇನ್ನಷ್ಟು ಹತ್ತಿರವಾದದ್ದು ಉಳಿಯಿತು. ಹೀಗೆ ನೂರಾರು ವರ್ಷ. ಒಂದೊಂದು ಹುಲ್ಲಿನ ಗಿಡವೂ ಹುಟ್ಟಿದ ಹಾಗೆಯೇ ಇತ್ತು, ಯಾವುದೂ ತನ್ನನ್ನು ಬದಲಿಸಿಕೊಳ್ಳಲಿಲ್ಲ. ಬದಲಾದದ್ದು ಗದ್ದೆಯಲ್ಲಿ ಯಾವ ಬಗೆ ಎಷ್ಟಿದೆ ಎಂಬ ಲೆಕ್ಕ ಮಾತ್ರ.

ಜೀವವಿಕಾಸ ಎಂದು ಪುಸ್ತಕದಲ್ಲಿ ಹೇಳುವುದು ಇದನ್ನೇ. ಇದಕ್ಕೆ ಬೇಕಾದ್ದು ಮೂರೇ ಸಂಗತಿ. ಒಂದೇ ಜಾತಿಯೊಳಗೆ ಸಣ್ಣಪುಟ್ಟ ವ್ಯತ್ಯಾಸ ಇರಬೇಕು. ಆ ವ್ಯತ್ಯಾಸ ಮರಿಗೆ ದಾಟಬೇಕು. ಹುಟ್ಟಿದ್ದೆಲ್ಲ ಬದುಕಬಾರದು, ಬದುಕುವುದಕ್ಕೂ ಆ ವ್ಯತ್ಯಾಸಕ್ಕೂ ಸಂಬಂಧ ಇರಬೇಕು. ಡಾರ್ವಿನ್ 1859ರಲ್ಲಿ ತನ್ನ ದೊಡ್ಡ ಪುಸ್ತಕವನ್ನು ಶುರು ಮಾಡಿದ್ದೇ ಸಾಕುಪ್ರಾಣಿ ಮತ್ತು ಬೆಳೆಗಳಿಂದ. ಪಾರಿವಾಳ ಸಾಕುವವರು ಜೋಡಿ ಆರಿಸಿ ಆರಿಸಿ ಹೊಸ ತಳಿ ಮಾಡುವುದನ್ನು ಆತ ತೋರಿಸಿದ. ನಾವು ಒಳ್ಳೆಯ ತಾಯಿಮರ ನೋಡಿ ಬೀಜದಡಿಕೆ ಇಳಿಸುವುದಿಲ್ಲವೇ? ಅದೇ ಕೆಲಸ. ವ್ಯತ್ಯಾಸ ಇಷ್ಟೇ: ಬೀಜ ಆರಿಸುವಾಗ ಗೊತ್ತಿದ್ದು ಆರಿಸುತ್ತೇವೆ, ಮದ್ದು ಹೊಡೆಯುವಾಗ ಗೊತ್ತಿಲ್ಲದೆ ಆರಿಸುತ್ತೇವೆ. ವಿಷಕ್ಕೆ ಸಾಯದ ಹುಳದ ತಳಿ ಅಭಿವೃದ್ಧಿ ನಮ್ಮ ಸ್ಪ್ರೇಯರಿನಿಂದಲೇ ಆಗುತ್ತದೆ.

ಇದೇನೂ ಹೊಸ ಕಥೆಯಲ್ಲ. ಅಮೆರಿಕದ ಮೆಲಾಂಡರ್ ಎಂಬ ಕೀಟತಜ್ಞ, ಹಣ್ಣಿನ ತೋಟದ ಶಲ್ಕ ಕೀಟ ಗಂಧಕ-ಸುಣ್ಣದ ದ್ರಾವಣಕ್ಕೆ ಸಾಯುತ್ತಿಲ್ಲ ಎಂದು 1914ರಲ್ಲೇ ಬರೆದಿದ್ದ. ಡಿಡಿಟಿ ಬರುವುದಕ್ಕೂ ಮೊದಲು.

ಮೊದಲೇ ಇತ್ತೋ, ಆಮೇಲೆ ಬಂತೋ?

‘ಸರಿ, ಸಾಯದ ಹುಳ ಉಳಿಯಿತು. ಆದರೆ ಆ ಸಾಯದ ಗುಣ ಮದ್ದು ತಾಗಿದ್ದರಿಂದಲೇ ಬಂದಿರಬಹುದಲ್ಲ?’ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳೂ ಇದಕ್ಕೆ ತಲೆ ಕೆಡಿಸಿಕೊಂಡಿದ್ದರು. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಇದಕ್ಕೆ ಉತ್ತರ ತೋರಿಸಿದ ಬಗೆ ನನಗೆ ತುಂಬ ಇಷ್ಟ. ಖರ್ಚಿಲ್ಲದ ಉಪಾಯ, ಬೇಕಾದದ್ದು ಒಂದು ತುಂಡು ಮಖಮಲ್ ಬಟ್ಟೆ.

ಒಂದು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಮೇಲಿನಿಂದ ಬಟ್ಟೆ ಒತ್ತಿದರು. ರಬ್ಬರ್ ಸ್ಟಾಂಪಿನ ಹಾಗೆ, ತಟ್ಟೆಯ ಯಾವ ಜಾಗದಲ್ಲಿ ಯಾವುದಿತ್ತೋ ಬಟ್ಟೆಯಲ್ಲೂ ಅದೇ ಜಾಗದಲ್ಲಿ ಅದು ಅಂಟಿತು. ಆ ಬಟ್ಟೆಯನ್ನು ಮದ್ದು ಬೆರೆಸಿದ ಇನ್ನೊಂದು ತಟ್ಟೆಗೆ ಒತ್ತಿದರು. ಅಲ್ಲಿ ಬಹುಪಾಲು ಸತ್ತು, ಒಂದೆರಡು ಕಡೆ ಮಾತ್ರ ಚಿಗುರಿದವು. ಈಗ ಮೊದಲಿನ ತಟ್ಟೆಗೆ ಮರಳಿ, ಅದೇ ಜಾಗದಿಂದ ತೆಗೆದು ಬೆಳೆಸಿ ನೋಡಿದರು. ಆ ತಟ್ಟೆಗೆ ಮದ್ದಿನ ಗಾಳಿಯೂ ಸೋಕಿರಲಿಲ್ಲ. ಆದರೂ ಅಲ್ಲಿಂದ ತೆಗೆದದ್ದರಲ್ಲಿ ಮದ್ದು ತಡೆಯುವವು ಸಿಕ್ಕಿದವು. ಅಂದರೆ ಆ ಗುಣ ಮೊದಲೇ ಇತ್ತು. ಮದ್ದು ಅದನ್ನು ಹುಟ್ಟಿಸಲಿಲ್ಲ, ಸುತ್ತಲಿನ ಉಳಿದವನ್ನೆಲ್ಲ ಕೊಂದು ಅದಕ್ಕೆ ಜಾಗ ಬಿಡಿಸಿಕೊಟ್ಟಿತು.

ನಕಲು ತಪ್ಪುವ ಗುಮಾಸ್ತ

ಈಗ ವೈರಸ್ಸಿಗೆ ಬರೋಣ. ಸ್ವಂತ ಒಲೆಯಿಲ್ಲ, ಸ್ವಂತ ಪಾತ್ರೆಯಿಲ್ಲ. ಬೇರೆ ಜೀವಿಯ ಕೋಶದೊಳಗೆ ಹೊಕ್ಕು, ಅಲ್ಲಿಯ ಸಾಮಾನಿನಲ್ಲೇ ತನ್ನ ಪ್ರತಿ ಮಾಡಿಸಿಕೊಳ್ಳುವ ಒಂದು ಚೀಟಿ ಎನ್ನಬಹುದು. ಎಚ್‌ಐವಿಯ ಚೀಟಿಯಲ್ಲಿ ಇರುವುದು ಸುಮಾರು 9,700 ಅಕ್ಷರ. ಈ ಲೇಖನಕ್ಕಿಂತಲೂ ಚಿಕ್ಕದು.

ಇದು ಮನುಷ್ಯನ ರಕ್ತದ ಕೋಶಕ್ಕೆ ಹೊಕ್ಕ ಕೂಡಲೇ ತನ್ನ ಆರ್‌ಎನ್‌ಎ ಚೀಟಿಯನ್ನು ಡಿಎನ್‌ಎಗೆ ನಕಲು ಮಾಡಬೇಕು. ಅದಕ್ಕೊಬ್ಬ ಗುಮಾಸ್ತನನ್ನು, ಅಂದರೆ ಒಂದು ಕಿಣ್ವವನ್ನು, ಜೊತೆಗೇ ತಂದಿರುತ್ತದೆ. ಈ ಗುಮಾಸ್ತ ಮಹಾ ಅವಸರದವ. ಬರೆದದ್ದನ್ನು ತಿರುಗಿ ಓದುವ ರೂಢಿಯೇ ಇಲ್ಲ. ಸರಾಸರಿ ಮೂರು ಪ್ರತಿ ಮಾಡುವಷ್ಟರಲ್ಲಿ ಒಂದು ಅಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ಆ ಪ್ರತಿಯೇ ಕೆಡುತ್ತದೆ. ಆದರೆ ಚಿಕಿತ್ಸೆ ಇಲ್ಲದವನ ಮೈಯಲ್ಲಿ ದಿನಕ್ಕೆ ಹುಟ್ಟುವ ಹೊಸ ವೈರಸ್ಸು ಎಷ್ಟು ಗೊತ್ತೇ? ಸುಮಾರು ಒಂದು ಸಾವಿರ ಕೋಟಿ! ಅಷ್ಟು ಪ್ರತಿಗಳಲ್ಲಿ ಒಂದಕ್ಷರದ ತಪ್ಪು ಎಲ್ಲೆಲ್ಲಿ ಆಗಬಹುದೋ ಅಲ್ಲೆಲ್ಲ ದಿನವೂ ಆಗಿರುತ್ತದೆ.

ಎಚ್‌ಐವಿಗೆ ಮೊದಲ ಮದ್ದು ಬಂದದ್ದು 1987ರಲ್ಲಿ, ಎಝಡ್‌ಟಿ. ಇದನ್ನು 1964ರಲ್ಲೇ ಕ್ಯಾನ್ಸರಿಗೆಂದು ತಯಾರಿಸಿ, ಉಪಯೋಗಕ್ಕೆ ಬಾರದೆ ಮೂಲೆಗೆ ಹಾಕಿದ್ದರು. ಇದು ಹುಸಿ ಅಕ್ಷರ. ನಿಜದ ಅಕ್ಷರದಂತೆಯೇ ಕಾಣುತ್ತದೆ, ಆದರೆ ಮುಂದಿನ ಅಕ್ಷರ ಸಿಕ್ಕಿಸಲು ಕೊಕ್ಕೆ ಇಲ್ಲ. ಗುಮಾಸ್ತ ತಿಳಿಯದೆ ಇದನ್ನು ಇಟ್ಟರೆ ನಕಲು ಅಲ್ಲಿಗೇ ನಿಂತಿತು. ಸಾಯುತ್ತಿದ್ದವರು ಎದ್ದು ಕೂತರು. ಆದರೆ ಕೆಲವು ತಿಂಗಳಷ್ಟೇ. 1989ರಲ್ಲಿ, ಎಝಡ್‌ಟಿಗೆ ಬಗ್ಗದ ವೈರಸ್ಸು ರೋಗಿಗಳಲ್ಲಿ ಸಿಕ್ಕಿದೆ ಎಂಬ ವರದಿ ಬಂತು. ಆ ವೈರಸ್ಸಿನ ಗುಮಾಸ್ತ ಹುಸಿ ಅಕ್ಷರವನ್ನು ಇಟ್ಟರೂ ಕಿತ್ತು ತೆಗೆಯಬಲ್ಲವನಾಗಿದ್ದ.

ಆಮೇಲೆ ಬಂದ ಲ್ಯಾಮಿವುಡಿನ್ ಎಂಬ ಮದ್ದಿನದು ಇನ್ನೂ ಬೇಗ. ಒಂದನ್ನೇ ಕೊಟ್ಟಾಗ ಕೆಲವೇ ವಾರದಲ್ಲಿ ಸೋತಿತು. ಯಾಕೆಂದರೆ ಅದನ್ನು ತಪ್ಪಿಸಲು ಒಂದೇ ಬದಲಾವಣೆ ಸಾಕು, ಗುಮಾಸ್ತನ ಮೈಯ 184ನೆಯ ಮಣಿ ಬದಲಾದರೆ ಆಯಿತು. ಎಝಡ್‌ಟಿ ಪೂರ್ತಿ ಸೋಲಬೇಕಾದರೆ ಹಲವು ಬದಲಾವಣೆ ಒಂದರ ಮೇಲೊಂದು ಸೇರಬೇಕು, ಅದಕ್ಕೇ ತಿಂಗಳುಗಳು ಹಿಡಿದದ್ದು.

ಮೂರು ಬೇಲಿಯ ಲೆಕ್ಕ

ಲೆಕ್ಕ ಬೇಡದವರು ಈ ಪ್ಯಾರಾ ಹಾರಿಸಬಹುದು. ಒಂದು ನಿರ್ದಿಷ್ಟ ತಪ್ಪು ಆಗುವುದು ಸುಮಾರು ಒಂದು ಲಕ್ಷ ಪ್ರತಿಗೊಮ್ಮೆ ಎಂದಿಟ್ಟುಕೊಳ್ಳಿ. ದಿನಕ್ಕೆ ಸಾವಿರ ಕೋಟಿ ಹುಟ್ಟುವಲ್ಲಿ ಅಂಥವು ಒಂದು ಲಕ್ಷ. ಅಂದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಅದನ್ನು ಗೆಲ್ಲುವವು ಮೈಯಲ್ಲಿವೆ. ಎರಡು ಮದ್ದು ಒಟ್ಟಿಗೆ ಕೊಟ್ಟರೆ, ಎರಡನ್ನೂ ಗೆಲ್ಲುವ ತಪ್ಪುಗಳು ಒಂದೇ ಪ್ರತಿಯಲ್ಲಿ ಬೀಳಬೇಕು. ಲಕ್ಷಕ್ಕೆ ಲಕ್ಷ ಗುಣಿಸಿ, ಸಾವಿರ ಕೋಟಿಗೊಂದು. ಅದೂ ದಿನಕ್ಕೊಂದು ಹುಟ್ಟಬಹುದು. ಮೂರು ಮದ್ದಾದರೆ? ಹತ್ತು ಕೋಟಿ ಕೋಟಿಗೊಂದು. ದಿನಕ್ಕೆ ಸಾವಿರ ಕೋಟಿಯಂತೆ ಕಾದರೆ ಒಂದು ಲಕ್ಷ ದಿನ, ಸುಮಾರು 270 ವರ್ಷ. ಇದು ಬಾಯಿಲೆಕ್ಕ, ನಿಜದಲ್ಲಿ ಹೆಚ್ಚುಕಮ್ಮಿ ಇದೆ. ಆದರೆ ಮೂರನೇ ಮದ್ದು ಸೇರಿದ ಕೂಡಲೇ ಆಟ ಬದಲಾಯಿತು ಎಂಬುದು ಸತ್ಯ. 1996ರಿಂದ ಮೂರು ಮದ್ದಿನ ಚಿಕಿತ್ಸೆ ಬಳಕೆಗೆ ಬಂದು, ಏಡ್ಸ್ ಸಾವು ಇಳಿಯಿತು. ಮದ್ದು ತೆಗೆದುಕೊಳ್ಳುವವನಲ್ಲಿ ವೈರಸ್ಸಿನ ಪ್ರತಿಯಾಗುವುದೇ ನಿಂತರೆ ಹೊಸ ತಪ್ಪೂ ಹುಟ್ಟುವುದಿಲ್ಲ, ಇದು ಇನ್ನೂ ದೊಡ್ಡ ಲಾಭ. ನಮ್ಮ ದೇಶದ ಸಿಪ್ಲಾ 2001ರಲ್ಲಿ ಈ ಮೂರನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುವುದಾಗಿ ಹೇಳಿ ಜಗತ್ತನ್ನೇ ಬೆಚ್ಚಿಬೀಳಿಸಿತು. 2004ರ ಏಪ್ರಿಲ್‌ನಿಂದ ಸರಕಾರವೂ ಉಚಿತವಾಗಿ ಕೊಡಲು ಶುರು ಮಾಡಿತು.

ಅಡಿಕೆಯವರಿಗೆ ಇಲ್ಲೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸೀಮೆಯಲ್ಲಿ ಕೋಲ್ಮನ್ ಸಾಹೇಬರು ಬಳಕೆಗೆ ತಂದು ನೂರು ವರ್ಷ ಮೀರಿತು. ಇವತ್ತೂ ಅದೇ ಮೈಲುತುತ್ತ, ಅದೇ ಸುಣ್ಣ. ಅದಕ್ಕೆ ಹೋಲಿಸಿದರೆ ಆಲೂಗಡ್ಡೆಯ ಅಂಗಮಾರಿಗೆ (ಇದು ಕೊಳೆರೋಗದ ದಾಯಾದಿ) ಬಂದ ಮೆಟಲಾಕ್ಸಿಲ್ ಎಂಬ ಹೊಸ ಮದ್ದು, ಬಂದು ಕೆಲವೇ ವರ್ಷದಲ್ಲಿ, 1980ರಲ್ಲಿ, ಐರ್ಲೆಂಡ್ ಮತ್ತು ಹಾಲೆಂಡಿನಲ್ಲಿ ಕೈಕೊಟ್ಟಿತು. ಮೆಟಲಾಕ್ಸಿಲ್ ಬೂಸ್ಟಿನ ಒಂದೇ ಒಂದು ನರಕ್ಕೆ ಹೊಡೆಯುತ್ತದೆ. ತಾಮ್ರ ಏಕಕಾಲಕ್ಕೆ ಹತ್ತು ಕಡೆ ಹೊಡೆಯುತ್ತದೆ. ಒಂದು ಬಾಗಿಲಿಗೆ ಒಂದು ಕಳ್ಳಕೀಲಿ ಸಾಕು, ಹತ್ತು ಬಾಗಿಲಿಗೆ ಒಟ್ಟಿಗೆ ಕೀಲಿ ಹೊಂದಿಸುವುದು ಸುಲಭವಲ್ಲ. ನಮ್ಮ ಹಳೆ ಮದ್ದು ಹುಟ್ಟಾ ‘ಮೂರು ಮದ್ದಿನ ಚಿಕಿತ್ಸೆ’. ಮೆಟಲಾಕ್ಸಿಲ್‌ನಂಥದ್ದನ್ನು ಇನ್ನೊಂದು ಮದ್ದಿನ ಜೊತೆ ಬೆರೆಸಿಯೇ ಮಾರುವುದು ಯಾಕೆಂದೂ ಈಗ ತಿಳಿಯಿತಲ್ಲ.

ಮಳೆಗಾಲದಲ್ಲಿ ತಪ್ಪಿದ ಮಾತ್ರೆ

ಈ ಲೇಖನ ಬರೆಯಲು ನಿಜವಾದ ಕಾರಣ ನಮ್ಮಲ್ಲಿಗೆ ಅಡಿಕೆ ಸುಲಿಯಲು ಬರುವ ಒಬ್ಬ. ಹೆಸರು ಬೇಡ, ಆದರೆ ಬರೆಯಿರಿ ಎಂದು ಅವನೇ ಹೇಳಿದ್ದಾನೆ.

ಅವನು ಎಚ್‌ಐವಿ ಮಾತ್ರೆ ನುಂಗುತ್ತಿದ್ದವ. ಎರಡು ವರ್ಷದಲ್ಲಿ ಮೈ ತುಂಬಿಕೊಂಡು, ಮರ ಹತ್ತುವಷ್ಟು ಗಟ್ಟಿಯಾದ. 2011ರ ಮಳೆಗಾಲದಲ್ಲಿ ಹೊಳೆ ತುಂಬಿ ಪೇಟೆಗೆ ಹೋಗಲಾಗದೆ ಮಾತ್ರೆ ಮುಗಿಯಿತು. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ. ‘ಗುಣ ಆಗಿದೆಯಲ್ಲ, ಸ್ವಲ್ಪ ದಿನ ಹೊಟ್ಟೆಗೂ ರಜೆ ಕೊಡುವಾ’ ಎಂದು ಸುಮ್ಮನಾದ. ಆಮೇಲೆ ತಂದು ಒಂದು ತಿಂಗಳು ನುಂಗಿದ, ಮತ್ತೆ ಬಿಟ್ಟ. ಮರುವರ್ಷ ಬೇಸಗೆಗೆ ತೂಕ ಇಳಿಯಿತು, ಜ್ವರ ಬಿಡಲಿಲ್ಲ. ಅದೇ ಮಾತ್ರೆಯನ್ನು ಈಗ ನಿಯತ್ತಾಗಿ ನುಂಗಿದರೂ ನಾಟಲಿಲ್ಲ. ‘ಮಾತ್ರೆ ಡೂಪ್ಲಿಕೇಟ್ ಇರಬೇಕು’ ಎಂದು ನನ್ನ ಹತ್ತಿರ ಬಂದು ಹೇಳಿದ. ಹುಳ ಸಾಯದಿದ್ದಾಗ ನಾವು ಹೇಳುವುದೂ ಅದೇ.

ಮಾತ್ರೆ ಅಸಲಿಯೇ. ಆದದ್ದು ಇದು: ಆ ಕಾಲದ ಮೂರು ಮದ್ದಿನ ಮಾತ್ರೆಯಲ್ಲಿ ನೆವಿರಪಿನ್ ಎಂಬುದೊಂದು ಇರುತ್ತಿತ್ತು. ಮಾತ್ರೆ ನಿಲ್ಲಿಸಿದಾಗ ಉಳಿದೆರಡು ಬೇಗ ಮೈಯಿಂದ ಹೋಗುತ್ತವೆ. ನೆವಿರಪಿನ್ ಮಾತ್ರ ದಿನಗಟ್ಟಲೆ ತೆಳ್ಳಗೆ ಉಳಿಯುತ್ತದೆ. ಅಂದರೆ ಮೂರು ಬೇಲಿಯಲ್ಲಿ ಎರಡು ಬಿದ್ದು, ಒಂದು ಮಾತ್ರ, ಅದೂ ಹರಕು, ನಿಂತ ಹಾಗೆ. ನೆವಿರಪಿನ್ ಗೆಲ್ಲಲು ಒಂದೇ ಅಕ್ಷರದ ತಪ್ಪು ಸಾಕು. ಇತ್ತ ವೈರಸ್ಸು ಪುನಃ ಕೋಟಿಗಟ್ಟಲೆ ಹುಟ್ಟತೊಡಗಿದೆ. ಇಂಥಾ ಜಾಗದಲ್ಲಿ ಗೆಲ್ಲುವುದು ಯಾವುದು? ಬಿಟ್ಟು ಬಿಟ್ಟು ನುಂಗಿದಷ್ಟೂ ಸಲ ಈ ಜರಡಿ ಹಿಡಿದಂತಾಯಿತು.

‘ಈಗ ಪೂರ್ತಿ ನಿಲ್ಲಿಸಿ ಒಂದು ವರ್ಷ ಬಿಟ್ಟರೆ ಆ ಮೊಂಡು ವೈರಸ್ಸು ಹೋಗಲಿಕ್ಕಿಲ್ಲವೇ?’ ಎಂದು ಕೇಳಿದ್ದ. ಅರ್ಧ ಸರಿ. ಮೊಂಡು ವೈರಸ್ಸಿಗೆ ಆ ಬದಲಾವಣೆಯಿಂದ ಕೆಲವೊಮ್ಮೆ ನಷ್ಟವೂ ಉಂಟು. 184ನೆಯ ಮಣಿ ಬದಲಾದ ಗುಮಾಸ್ತ ಕೆಲಸದಲ್ಲಿ ಸ್ವಲ್ಪ ನಿಧಾನಿ. ಮದ್ದು ಇಲ್ಲದಿದ್ದರೆ ಹಳೆಯ ತಳಿಯೇ ಮುಂದೆ ಹೋಗುತ್ತದೆ, ರಕ್ತ ಪರೀಕ್ಷೆಯಲ್ಲೂ ಅದೇ ಕಾಣುತ್ತದೆ. ಆದರೆ ಮೊಂಡನದು ನಿದ್ದೆ ಹೋದ ಕೋಶಗಳಲ್ಲಿ ಬೀಜದಂತೆ ಹುದುಗಿರುತ್ತದೆ. ಹಳೆಯ ಮದ್ದು ಮತ್ತೆ ಹಾಕಿದ ದಿನ ಮೊಳೆಯುತ್ತದೆ. ಗದ್ದೆ ಹಡಿಲು ಬಿಟ್ಟರೆ ಕಳೆಬೀಜ ಸಾಯುತ್ತದೆಯೇ?

ದೊಡ್ಡ ಆಸ್ಪತ್ರೆಯಲ್ಲಿ ಅವನಿಗೆ ಎರಡನೇ ಹಂತದ ಮದ್ದಿಗೆ ಬದಲಿಸಿದರು. ಬಚಾವಾದ. ಈಗ ಸರಕಾರಿ ಚಿಕಿತ್ಸೆಯನ್ನು ಹೊಸದಾಗಿ ಶುರು ಮಾಡುವವರಿಗೆ ಸಾಮಾನ್ಯವಾಗಿ ಸಿಗುವುದು ಡೊಲುಟೆಗ್ರಾವಿರ್ ಇರುವ ದಿನಕ್ಕೊಂದು ಮಾತ್ರೆ. ಅದನ್ನು ಗೆಲ್ಲುವುದು ವೈರಸ್ಸಿಗೆ ನೆವಿರಪಿನ್‌ನಷ್ಟು ಸುಲಭವಲ್ಲ. ಸುಲಭವಲ್ಲ ಎಂದರೆ ಆಗುವುದೇ ಇಲ್ಲ ಎಂದಲ್ಲ.

ಕೋಳಿಗೆ ಹಾಕಿದ ಮದ್ದು

ಕೋಳಿ ಸಾಕುವವರು ಇದನ್ನೊಂದು ಓದಬೇಕು. ಅಮಾಂಟಡಿನ್ ಮನುಷ್ಯರ ಫ್ಲೂ ಜ್ವರಕ್ಕೆ 1960ರ ದಶಕದಿಂದ ಇದ್ದ ಅಗ್ಗದ ಮದ್ದು. ಚೀನಾದಲ್ಲಿ ಹಕ್ಕಿಜ್ವರ ತಡೆಯಲು ಕೋಳಿಗಳಿಗೂ ಇದನ್ನು ಕೊಡುತ್ತಿದ್ದರು ಎಂಬ ವರದಿ 2005ರಲ್ಲಿ ಹೊರಬಿತ್ತು. ಹೊತ್ತಿಗೆ ಸರಿಯಾಗಿ ಮನುಷ್ಯರ ಫ್ಲೂ ವೈರಸ್ಸೂ ಈ ಮದ್ದಿಗೆ ಬಗ್ಗದಾಯಿತು. 2006ರ ಜನವರಿಯಲ್ಲಿ ಅಮೆರಿಕ ಸರಕಾರ ತನ್ನ ವೈದ್ಯರಿಗೆ ಅದನ್ನು ಫ್ಲೂಗೆ ಬರೆಯಬೇಡಿ ಎಂದಿತು. ಕೋಳಿಯದೇ ಪೂರಾ ತಪ್ಪು ಎನ್ನಲಾಗದು, ಮನುಷ್ಯರೂ ಧಾರಾಳ ನುಂಗಿದ್ದರು. ನಮ್ಮಲ್ಲೂ ಮೈ ಬೆಳೆಯಲೆಂದು ಕೋಳಿ ಆಹಾರಕ್ಕೆ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಸರಕಾರ 2019ರಲ್ಲಿ ನಿಷೇಧಿಸಿತು. ಅದು ಮನುಷ್ಯನಿಗೆ ಬೇರೆ ಯಾವುದೂ ನಾಟದಾಗ ಕೊಡುವ ಕೊನೆಯ ಮದ್ದುಗಳಲ್ಲೊಂದು.

ಆದರೆ ಎಲ್ಲದಕ್ಕೂ ಮದ್ದಿನ ಅತಿಬಳಕೆಯೇ ಕಾರಣ ಎಂದು ಷರಾ ಬರೆಯಬೇಡಿ. 2007-08ರ ಚಳಿಗಾಲದಲ್ಲಿ ಟಾಮಿಫ್ಲೂ ಮದ್ದಿಗೆ ಬಗ್ಗದ ಫ್ಲೂ ಮೊದಲು ಎದ್ದು ಕಂಡದ್ದು ನಾರ್ವೆಯಲ್ಲಿ. ಆ ಮದ್ದನ್ನು ಅಲ್ಲಿ ಬಳಸುತ್ತಿದ್ದದ್ದೇ ಅಪರೂಪ! ಬೇರೆ ಕೆಲವು ಬದಲಾವಣೆಗಳ ಜೊತೆ ಸೇರಿ ಆ ತಪ್ಪು ವೈರಸ್ಸಿಗೆ ನಷ್ಟ ಮಾಡದ ಹಾಗಾಗಿತ್ತು. ಒಂದೇ ವರ್ಷದಲ್ಲಿ ಲೋಕವೆಲ್ಲ ಹಬ್ಬಿತು. 2009ರಲ್ಲಿ ಹೊಸ ಹಂದಿಜ್ವರದ ವೈರಸ್ಸು ಬಂದು ಹಳೆಯದನ್ನು ಓಡಿಸಿದ ಮೇಲೆ ಟಾಮಿಫ್ಲೂ ಮತ್ತೆ ನಾಟತೊಡಗಿತು. ಅದೃಷ್ಟವೂ ಈ ಆಟದಲ್ಲಿದೆ.

ಬೆಳೆಯ ವೈರಸ್ಸಿಗೆ ಏನು?

ನಮ್ಮ ಬಾಳೆ, ಪಪ್ಪಾಯಿ, ಬೆಂಡೆ, ಏಲಕ್ಕಿಗೆ ಬರುವ ವೈರಸ್ ರೋಗಕ್ಕೆ ಹೊಡೆದು ಗುಣಪಡಿಸುವ ಮದ್ದು ಇವತ್ತಿಗೂ ಇಲ್ಲ. ಅಂಗಡಿಯಲ್ಲಿ ‘ವೈರಸ್ಸಿಗೆ’ ಎಂದು ಬಾಟಲಿ ಕೊಟ್ಟರೆ ಕಾಸು ಕೊಡುವ ಮೊದಲು ಒಳಗೇನಿದೆ ಎಂದು ಕೇಳಿ. ಬಹಳವೆಂದರೆ ರೋಗ ಹೊತ್ತು ತರುವ ಹೇನು, ಬಿಳಿನೊಣ ಕೊಲ್ಲುವ ವಿಷ ಇದ್ದೀತು. ಆ ಬಿಳಿನೊಣವೂ ಹುಲ್ಲಿನ ಕಥೆಯ ಪ್ರಕಾರವೇ ನಡೆಯುವುದು, ವಾರಕ್ಕೊಮ್ಮೆ ಒಂದೇ ವಿಷ ಹೊಡೆದರೆ ಅದರ ತಳಿ ನೀವೇ ತಯಾರು ಮಾಡುತ್ತೀರಿ.

ರೋಗ ತಡೆಯುವ ತಳಿಯೂ ಒಂದು ಬಗೆಯ ಮದ್ದೇ, ಅದಕ್ಕೂ ಇದೇ ಗತಿ. ಬೆಂಡೆಯ ಹಳದಿ ನಂಜಿಗೆ ಬಗ್ಗದೆಂದು ಬೆಂಗಳೂರಿನ ಹೆಸರಘಟ್ಟದಿಂದ ಬಂದ ಅರ್ಕಾ ಅನಾಮಿಕ ಒಳ್ಳೆಯ ತಳಿ. ಎಷ್ಟೋ ಜನರ ಬೆಂಡೆ ಉಳಿಸಿತು. ವರ್ಷ ಕಳೆದಂತೆ ಅದಕ್ಕೂ ನಂಜು ಹತ್ತಿತು. ತಳಿ ‘ಕೆಟ್ಟದ್ದಲ್ಲ’, ಹೊಲದಲ್ಲಿರುವ ವೈರಸ್ಸು ಮೊದಲಿನದ್ದಲ್ಲ. ಹತ್ತಿಯವರಿಗೆ ಬೇರೆ ಹೇಳಬೇಕಿಲ್ಲ. ಬಿಟಿ ಹತ್ತಿ 2002ರಲ್ಲಿ ಬಂತು, 2010ರಲ್ಲಿ ಗುಜರಾತಿನ ಗುಲಾಬಿ ಕಾಯಿಕೊರಕ ಅದನ್ನು ತಿಂದು ಬದುಕುತ್ತಿದೆ ಎಂದು ಗೊತ್ತಾಯಿತು. ಸುತ್ತಲೂ ಬಿಟಿ ಅಲ್ಲದ ಹತ್ತಿ ಸಾಲು ಹಾಕಿ ಎಂದು ಬೀಜದ ಜೊತೆ ಕೊಟ್ಟ ಸಣ್ಣ ಪೊಟ್ಟಣ ಎಷ್ಟೋ ಮನೆಗಳಲ್ಲಿ ಬಿತ್ತದೇ ಉಳಿಯಿತು. ಸತ್ತೇ ಹೋಗುವ ಸಾಧಾರಣ ಹುಳವನ್ನೂ ಸ್ವಲ್ಪ ಬದುಕಗೊಟ್ಟು, ಮೊಂಡು ಹುಳಕ್ಕೆ ಮೊಂಡು ಜೋಡಿ ಸಿಗದಂತೆ ಮಾಡುವುದೇ ಆ ಸಾಲಿನ ಕೆಲಸ ಎಂದು ಯಾರಾದರೂ ಕೂತು ವಿವರಿಸಿದ್ದರೆ ಬಿತ್ತುತ್ತಿದ್ದರೋ ಏನೋ.

ಬಾಳೆಗೆ ಗೊಂಚಲು ತಲೆ ರೋಗ ಬಂದರೆ ನಾನು ಮಾಡುವುದಿಷ್ಟೇ. ಎಲೆ ಕಿರಿದಾಗಿ ತುದಿಯಲ್ಲಿ ಗೊಂಚಲುಗಟ್ಟಿದ ಬುಡ ಕಂಡ ದಿನವೇ ಮೊದಲು ಅದರ ಹೇನು ಕೊಲ್ಲುತ್ತೇನೆ. ಕಡಿದರೆ ಹೇನು ಪಕ್ಕದ ಬುಡಕ್ಕೆ ಹೋಗುತ್ತದೆ, ಅದಕ್ಕೇ ಈ ಕ್ರಮ. ಆಮೇಲೆ ಗಡ್ಡೆ ಸಹಿತ ಅಗೆದು, ಚೂರು ಮಾಡಿ, ಕಂದು ಚಿಗುರದಂತೆ ಹೂಳುತ್ತೇನೆ. ಗೊನೆ ಹಾಕುವ ಆಸೆಗೆ ಒಂದನ್ನೂ ಉಳಿಸುವುದಿಲ್ಲ. ಕಂದು ತರುವುದು ರೋಗವಿಲ್ಲದ ತೋಟದಿಂದ, ಮತ್ತು ಆ ತೋಟವನ್ನು ನಾನೇ ಹೋಗಿ ನೋಡಿದ ಮೇಲೆ.